ಗಿಡುಗಕ್ಕೂ ನಿದ್ದೆ ಕೊಡುವ ತಾಯಿ

ನವರಾತ್ರಿಯಲ್ಲಿ ದುರ್ಗಾ ಸಪ್ತಶತಿ ಪಾರಾಯಣಕ್ಕೆ ಮೊದಲು ಅನೇಕ ಕಡೆ ರಾತ್ರಿಸೂಕ್ತ ಹೇಳುತ್ತಾರೆ. ಋಗ್ವೇದದ 10ನೇ ಮಂಡಲದ 127ನೇ ಸೂಕ್ತ ಇದು. ಇರುವುದು 8 ಮಂತ್ರ ಅಷ್ಟೇ. ಅದಕ್ಕೇ ಏನೋ, ಎಲ್ಲರ ಗಮನ ಮುಂದೆ ಬರುವ ಸಪ್ತಶತಿಯ 13 ಅಧ್ಯಾಯಗಳ ಕಡೆ ಹೋಗಿಬಿಡುತ್ತದೆ. ನನಗೆ ಮಾತ್ರ ಇದನ್ನು ದಾಟಿ ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ.

ಮೊದಲ ಮಂತ್ರದಲ್ಲೇ ರಾತ್ರಿ ದೇವಿಯಾಗಿ ಬರುತ್ತಾಳೆ. ಬರುತ್ತಲೇ ತನ್ನ ಕಣ್ಣುಗಳಿಂದ ಎಲ್ಲ ಕಡೆ ನೋಡುತ್ತಾಳೆ. ಆ ಕಣ್ಣುಗಳೇ ನಕ್ಷತ್ರಗಳು. ನಾವು ಆಕಾಶ ನೋಡುತ್ತೇವೆ ಅಂದುಕೊಂಡಿರುತ್ತೇವೆ, ಅಲ್ವಾ? ಋಷಿ ಕಂಡದ್ದು ನಮ್ಮನ್ನು ನೋಡುತ್ತಿರುವ ತಾಯಿಯನ್ನು. ಮುಂದಿನ ಮಾತು ಇನ್ನೂ ದೊಡ್ಡದು: 'ಜ್ಯೋತಿಷಾ ಬಾಧತೇ ತಮಃ'. ಬೆಳಕಿನಿಂದ ಕತ್ತಲೆಯನ್ನು ಓಡಿಸುತ್ತಾಳಂತೆ. ಕತ್ತಲೆಯನ್ನು ಓಡಿಸುವವಳು ರಾತ್ರಿಯೇ! ಹೆದರಿಸುವುದು ಕತ್ತಲೆ, ಕಾಯುವವಳು ರಾತ್ರಿ. ಎರಡನ್ನೂ ಹೀಗೆ ಬೇರೆ ಮಾಡಿ ನೋಡಿದ ಋಷಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಆಮೇಲೆ ಊರು ಮಲಗುತ್ತದೆ. ಹಕ್ಕಿ ಮರ ಸೇರುವ ಹಾಗೆ ನಾವು ಮನೆ ಸೇರಿದೆವು ಅನ್ನುತ್ತಾನೆ ಋಷಿ. ಕಾಲಿರುವವು ಮಲಗಿದವು, ರೆಕ್ಕೆಯಿರುವವು ಮಲಗಿದವು, ಬೇಟೆಗೆ ಅಲೆಯುವ ಗಿಡುಗವೂ ಮಲಗಿತು. ಈ ಗಿಡುಗದ ಹತ್ತಿರ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಹಗಲಿಡೀ ಅಟ್ಟಿಸಿಕೊಂಡು ಬಂದ ಗಿಡುಗಕ್ಕೂ ತಪ್ಪಿಸಿಕೊಂಡ ಹಕ್ಕಿಗೂ ಅವಳು ಕೊಡುವುದು ಒಂದೇ ನಿದ್ದೆ. ತಾಯಿಯಲ್ಲದೆ ಇನ್ಯಾರು ಹೀಗೆ ಕೊಟ್ಟಾರು?

ಬೆಳಗಿನ ದೇವಿ ಉಷೆ ಈ ರಾತ್ರಿಯ ಸೋದರಿ. ನನ್ನನ್ನು ಮುತ್ತಿದ ಈ ಕಪ್ಪನ್ನು ಸಾಲ ತೀರಿಸಿದ ಹಾಗೆ ತೀರಿಸಿಬಿಡು ಎಂದು ಋಷಿ ಉಷೆಯನ್ನು ಬೇಡುತ್ತಾನೆ. ಸಾಲ ಹೊತ್ತು ನಿದ್ದೆಗೆಟ್ಟವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಸಪ್ತಶತಿಯ ಮೊದಲ ಅಧ್ಯಾಯದಲ್ಲಿ ಬ್ರಹ್ಮ ದೇವಿಯನ್ನು ಕಾಲರಾತ್ರಿ, ಮಹಾರಾತ್ರಿ, ಮೋಹರಾತ್ರಿ ಎಂದು ಹೊಗಳುತ್ತಾನೆ. ವಿಷ್ಣುವಿನ ಕಣ್ಣಲ್ಲಿ ನಿದ್ದೆಯಾಗಿ ಕೂತವಳೇ ಅವಳು. ಮಧು, ಕೈಟಭ ಎಂಬ ಅಸುರರು ಬ್ರಹ್ಮನ ಮೇಲೇರಿ ಬಂದಾಗ ಅವಳು ಎದ್ದು ಹೊರಬಂದ ಮೇಲೆಯೇ ವಿಷ್ಣುವಿಗೆ ಎಚ್ಚರ.

ಆದರೂ ನನ್ನ ಮನಸ್ಸು ಸೂಕ್ತದ ಆರನೇ ಮಂತ್ರಕ್ಕೇ ವಾಪಸು ಹೋಗುತ್ತದೆ. ತೋಳವನ್ನು ದೂರವಿಡು, ಕಳ್ಳನನ್ನು ದೂರವಿಡು, 'ಅಥಾ ನಃ ಸುತರಾ ಭವ', ನಾವು ಸುಲಭವಾಗಿ ದಾಟುವಂತೆ ಒಲಿದು ಬಾ. ಎಲ್ಲರೂ ಮಲಗಿದ ಮೇಲೂ ಎದ್ದಿರುವವರು ಎಷ್ಟು ಜನ! ವಾರ್ಡಿನಲ್ಲಿ ಓಡಾಡುವ ನರ್ಸ್, ರಾತ್ರಿ ಬಸ್ಸಿನ ಡ್ರೈವರ್. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಟಾರ್ಚ್ ಹಿಡಿದು ಪಂಪ್‌ಸೆಟ್ಟಿಗೆ ಹೋಗುವ ರೈತ. ಹಾವು, ಚಿರತೆ, ಕರಡಿಯ ಭಯ ಇದ್ದರೂ ಅವನು ಹೋಗಲೇಬೇಕು. ಈ ಮಂತ್ರ ಬಂದಾಗ ನಾನು ಇವರನ್ನೇ ನೆನೆಯುತ್ತೇನೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ರಾತ್ರಿ ಪಾಳಿಗೆ ಹೋಗುವವರಿದ್ದರೆ, ಈ ನವರಾತ್ರಿಯ ಸಂಕಲ್ಪದಲ್ಲಿ ಅವರ ಹೆಸರನ್ನೂ ಸೇರಿಸಿ.