ಎಇ ಸೂಚ್ಯಂಕದಲ್ಲಿ ಕೇಯಾಸ್ ಹುಡುಕುವಾಗ ಜಾರುವ ಜಾಗ

ಭೂಮಿಯ ಕಾಂತಗೋಳ (ಭೂಮಿಯ ಕಾಂತಕ್ಷೇತ್ರ ಆಳುವ ಸುತ್ತಲಿನ ಪ್ರದೇಶ) ಕೇಯಾಟಿಕ್ ಹೌದೋ ಅಲ್ಲವೋ, ಅಂದರೆ ಅದರ ನಡೆ ನಿಯಮಬದ್ಧವಾದರೂ ದೂರಕ್ಕೆ ಊಹಿಸಲಾಗದಂಥದ್ದೋ ಎಂದು ನೋಡಲು ಎಇ ಸೂಚ್ಯಂಕ (ಧ್ರುವಪ್ರಭೆಯ ಪ್ರದೇಶದ ವಿದ್ಯುತ್ ಪ್ರವಾಹಗಳ ಬಲ ತೋರುವ ಅಳತೆ) ಕೈಗೆಟುಕುವ ದತ್ತಾಂಶ: ನಿಮಿಷಕ್ಕೊಂದು ಅಂಕಿ, ನ್ಯಾನೊಟೆಸ್ಲಾದಲ್ಲಿ. ಸ್ವಸಹಸಂಬಂಧ (ಸರಣಿ ತನ್ನದೇ ಹಿಂದಿನ ಅಂಕಿಗಳನ್ನು ಎಷ್ಟು ಹೋಲುತ್ತದೆ ಎಂಬ ಅಳತೆ) 0.37ಕ್ಕೆ ಇಳಿಯುವ ಹೊತ್ತನ್ನೇ ವಿಳಂಬವಾಗಿ ಹಿಡಿದು, ಅಷ್ಟಷ್ಟು ಹೊತ್ತು ಬಿಟ್ಟು ತೆಗೆದ ಅಂಕಿಗಳಿಂದ 2ರಿಂದ 10 ಆಯಾಮಗಳಲ್ಲಿ ಬಿಂದುಗಳನ್ನು ಕಟ್ಟಿ, ದೂರದ ಮಿತಿ ಬದಲಿಸುತ್ತ ಹತ್ತಿರದ ಜೋಡಿಗಳನ್ನು ಎಣಿಸಿ. ಆ ದೂರಕ್ಕೆ ಜೋಡಿಗಳ ಸಂಖ್ಯೆಯ ಲಾಗ್-ಲಾಗ್ ಗ್ರಾಫಿನ ಇಳಿಜಾರೇ ಸರಣಿಯ ಆಯಾಮ; ಅದು ಚಿಕ್ಕದಾಗಿಯೇ ನಿಂತರೆ ಕೇಯಾಸ್‌ನ ಸುಳಿವು. 1990ರ ಒಂದು ಅಧ್ಯಯನದಲ್ಲಿ ಎಇಗೆ ಸುಮಾರು 3.6 ಬಂದಿತ್ತು.

ಎಡವಟ್ಟಾಗುವುದು ಎಣಿಕೆಯಲ್ಲೇ. ಒಂದರ ಹಿಂದೊಂದು ಬಂದ ನಿಮಿಷಗಳು ಹೇಗೂ ಅಕ್ಕಪಕ್ಕ ಬೀಳುತ್ತವೆ. ಆ ಜೋಡಿಗಳನ್ನು ಬಿಡದಿದ್ದರೆ ಬರೀ ಬಣ್ಣದ ಗದ್ದಲವೂ (ಅಕ್ಕಪಕ್ಕದ ಅಂಕಿಗಳು ಒಂದಕ್ಕೊಂದು ಹೋಲುವ ಯಾದೃಚ್ಛಿಕ ಏರಿಳಿತ) ಚಿಕ್ಕ ಆಯಾಮ ತೋರಿಸಿ ಯಾಮಾರಿಸುತ್ತದೆ. ಹಾಗಾಗಿ ಕೆಲವು ಗಂಟೆಗಳೊಳಗಿನ ಜೋಡಿಗಳನ್ನು ಕೈಬಿಡಿ. ಆಮೇಲೆ ರೋಹಿತ (ಯಾವ ಆವರ್ತನಕ್ಕೆ ಎಷ್ಟು ಬಲ ಎಂಬುದು) ಹಾಗೇ ಉಳಿಸಿ, ಆ ಅಲೆಗಳ ಫೇಸ್ ಮಾತ್ರ ಕಲಸಿದ ನಕಲಿ ಸರಣಿಗೂ ಇದೇ ಲೆಕ್ಕ ಹಾಕಿ. ಉತ್ತರ ಅದೇ ಬಂದರೆ ಕೇಯಾಸ್ ಮಾತು ಬೇಡ.

ಅದಿರಲಿ, ಸೌರಮಾರುತ ಹೊರಗಿನಿಂದ ತಳ್ಳುತ್ತಲೇ ಇರುವ ವ್ಯವಸ್ಥೆಯಿದು. ದಕ್ಷಿಣಕ್ಕೆ ತಿರುಗಿದ ಬಿಝಡ್ (ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಘಟಕ) ಅನ್ನು ಜೊತೆಗಿಡದ ಲೆಕ್ಕ ನನಗಂತೂ ಅರ್ಧವೇ.