‘ಗೊತ್ತಾಯ್ತಾ?’ ಅಂತ ಕೇಳೋದು ಬಿಟ್ಟ ಮೇಲೆ

ತಾಲ್ಲೂಕು ಕೇಂದ್ರದ ಒಂದು ಮೆಡಿಕಲ್ ಸ್ಟೋರಿನಲ್ಲಿ ನಾನು ಫಾರ್ಮಸಿಸ್ಟ್. ಮಾತ್ರೆ ಹುಡುಕಿ ಕೊಡುವುದು ಈ ಕೆಲಸದಲ್ಲಿ ಸುಲಭ. ಅದನ್ನು ಹೇಗೆ ತಗೋಬೇಕು ಅಂತ ಎದುರಿಗಿರುವವರ ತಲೆಗೆ ಹೋಗುವ ಹಾಗೆ ಹೇಳುವುದೇ ಕಷ್ಟ.

ಚೀಟಿ ಓದುವ ತಾಪತ್ರಯ ಈಗ ಮೊದಲಿನಷ್ಟಿಲ್ಲ. ಔಷಧದ ಹೆಸರನ್ನು ಓದಲು ಬರುವಂತೆ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ವೈದ್ಯರಿಗೆ 2016ರಲ್ಲೇ ನಿಯಮ ಬಂತು. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು. ಪ್ರಿಂಟ್ ಆದ ಚೀಟಿಗಳೂ ಬರುತ್ತವೆ. ಆದರೆ ಅದರಲ್ಲಿರುವ 1-0-1 ನಮಗಷ್ಟೇ ‘ಬೆಳಿಗ್ಗೆ ಒಂದು, ರಾತ್ರಿ ಒಂದು’. ಹೊಲದಿಂದ ನೇರ ಬಂದ ಯಜಮಾನರಿಗೆ ಅದು ಬಸ್ ನಂಬರ್ ಇದ್ದ ಹಾಗೆ.

ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂತ ಡಾಕ್ಟರೂ ಹೇಳಿರುತ್ತಾರೆ, ನಾವೂ ಹೇಳುತ್ತೇವೆ. ನಮ್ಮ ಕಡೆ ಎದ್ದ ತಕ್ಷಣ ಕಾಫಿ ಆಗಲೇಬೇಕು, ಅದನ್ನು ಯಾರೂ ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಫಿ ಜೊತೆಗೆ ಹೋದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ನಾನು ಕಾಫಿಯಿಂದಲೇ ಶುರು ಮಾಡುತ್ತೇನೆ: "ಎದ್ದ ಕೂಡಲೇ ಮಾತ್ರೆ, ಬರೀ ನೀರಲ್ಲಿ. ಕಾಫಿ ಏನಿದ್ರೂ ಅರ್ಧ ಗಂಟೆ, ಒಂದು ಗಂಟೆ ಬಿಟ್ಟು." ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದವರಿಗೆ ನಾಲ್ಕು ಗಂಟೆ ಅಂತರ ಬೇಕು. ಅವರಿಗೆ "ಅದು ಮಧ್ಯಾಹ್ನದ ಊಟ ಆದ್ಮೇಲೆ" ಅಂದರೆ ಮುಗಿಯಿತು. ಗಂಟೆ ಎಣಿಸುತ್ತಾ ಕೂರುವವರು ಯಾರು?

ನನಗೆ ನಿಜವಾಗಿ ಭಯ ಇರುವುದು ಮೆಥೋಟ್ರೆಕ್ಸೇಟ್ ಬಗ್ಗೆ. ಸಂಧಿವಾತಕ್ಕೆ ಕೊಡುತ್ತಾರೆ, ವಾರಕ್ಕೊಂದೇ ದಿನ. ಉಳಿದೆಲ್ಲ ಮಾತ್ರೆ ದಿನಾ ನುಂಗುವವರು ಇದನ್ನೂ ದಿನಾ ನುಂಗಿಬಿಟ್ಟರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಜೀವಕ್ಕೇ ಬರಬಹುದು. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು, ಬೆರಳಿನ ಗೆಣ್ಣೆಲ್ಲ ಊದಿಕೊಂಡಿತ್ತು. "ವಾರಕ್ಕೊಂದ್ಸಲ ಅಜ್ಜಿ" ಅಂದೆ. "ಆಯ್ತು ಕಣಪ್ಪ" ಅಂದು ಚೀಲಕ್ಕೆ ಹಾಕಿಕೊಂಡರು.

"ಯಾವ ವಾರ ತಗೋತೀರಿ?"

ಸ್ವಲ್ಪ ಯೋಚನೆ ಮಾಡಿದರು. "ಸಂತೆ ದಿನ ತಗೊಳ್ಳಾ? ಅದಾದ್ರೆ ಮರೆಯಲ್ಲ."

ಕವರಿನ ಮೇಲೆ ‘ಸಂತೆ ದಿನ ಮಾತ್ರ’ ಅಂತ ದಪ್ಪಗೆ ಬರೆದೆ. ಅವರ ಊರಿನ ಸಂತೆ ಮಂಗಳವಾರ, ಅದನ್ನೂ ಬರೆದೆ. ಜೊತೆಗಿದ್ದ ಫೋಲಿಕ್ ಆಸಿಡ್ ಚೀಟಿಯ ಪ್ರಕಾರ ಬೇರೆ ದಿನಕ್ಕೆ, ಅದಕ್ಕೆ ಬೇರೆಯದೇ ಕವರು. ಆಮೇಲೆ ಕೇಳಿದೆ, "ಮನೇಲಿ ಸೊಸೆ ಕೇಳಿದ್ರೆ ಏನಂತ ಹೇಳ್ತೀರಿ?" ಅಜ್ಜಿ ಒಂದೊಂದೇ ಕವರು ತೆಗೆದು ಕೌಂಟರ್ ಮೇಲಿಟ್ಟು ಹೇಳಿದರು. ಎರಡನೆಯದರಲ್ಲಿ ಸ್ವಲ್ಪ ತಡವರಿಸಿದರು. ಅದೊಂದನ್ನು ಮತ್ತೆ ಹೇಳಿದೆ.

ಈ ಕೊನೆಯ ಪ್ರಶ್ನೆಗಾಗಿಯೇ ನಾನು ‘ಗೊತ್ತಾಯ್ತಾ?’ ಬಿಟ್ಟಿದ್ದು. ಅದಕ್ಕೆ ಎಲ್ಲರೂ ಹೂಂ ಅಂತಾರೆ, ಅಲ್ವಾ? ಹಿಂದೆ ನಾಲ್ಕು ಜನ ನಿಂತಿರುವಾಗ ಇಲ್ಲ ಅನ್ನಲು ನಾಚಿಕೆ. "ನಾನು ಸರಿಯಾಗಿ ಹೇಳಿದ್ನಾ ನೋಡೋಣ, ಒಂದ್ಸಲ ಹೇಳಿ" ಅಂದರೆ ಪರೀಕ್ಷೆ ನನಗೆ, ಅವರಿಗೇನೂ ಅವಮಾನವಿಲ್ಲ.

ಮಕ್ಕಳ ಪುಡಿ ಸಿರಪ್‌ಗೆ ಬಾಯಿಮಾತು ಸಾಲದು. ಕುದಿಸಿ ಆರಿಸಿದ ನೀರನ್ನು ಗೆರೆವರೆಗೆ ಹಾಕಿ ಅಂದರೆ, ಒಂದೇ ಸಲ ತುಂಬಿ ಕುಲುಕುತ್ತಾರೆ. ನೊರೆ ಇಳಿದ ಮೇಲೆ ನೋಡಿದರೆ ಮಟ್ಟ ಗೆರೆಯ ಕೆಳಗೆ. ಬಾಟಲಿಯನ್ನು ಅವರ ಕೈಗೇ ಕೊಟ್ಟು, ಗೆರೆ ಮೇಲೆ ಬೆರಳಿಡಿಸಿ ತೋರಿಸುತ್ತೇನೆ. ಚಮಚ ಅನ್ನುವುದೇ ಇಲ್ಲ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಅಳತೆ. ಜೊತೆಗೆ ಬರುವ ಮುಚ್ಚಳದಲ್ಲಿ 5 ಎಂ.ಎಲ್. ಗುರುತಿಗೆ ಪೆನ್ನಿನಿಂದ ಗೀಟು ಹಾಕಿ ಕೊಡುತ್ತೇನೆ.

ಸಂಜೆ ರಶ್‌ನಲ್ಲಿ ಇದನ್ನೆಲ್ಲ ಪ್ರತಿಯೊಬ್ಬರಿಗೂ ಮಾಡಲು ಆಗುವುದಿಲ್ಲ, ಸುಮ್ನೆ ಸುಳ್ಳು ಯಾಕೆ ಹೇಳಲಿ. ವಾರದ ಮಾತ್ರೆ, ಇನ್ಸುಲಿನ್, ಪುಡಿ ಸಿರಪ್, ಮೊದಲ ಸಲ ಬಂದವರು, ಇಷ್ಟಕ್ಕೆ ಬಿಡುವುದಿಲ್ಲ. ವರ್ಷಗಟ್ಟಲೆ ಬಿಪಿ ಮಾತ್ರೆ ಒಯ್ಯುವವರಿಗೆ ನಾನೇನು ಹೇಳಲಿ, ಅವರೇ ನನಗೆ ಹೇಳಿಕೊಡುತ್ತಾರೆ. ಅವರಲ್ಲೂ ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದ ದಿನ ಮಾತ್ರ ನಿಲ್ಲಿಸಿಕೊಳ್ಳುತ್ತೇನೆ. ಹೊಸದು ಅಂತ ಎರಡನ್ನೂ ನುಂಗುವವರಿದ್ದಾರೆ. "ಹಳೇದು ಖಾಲಿಯಾದ ಮೇಲೆ ಇದು" ಅಂತ ಹೇಳಿಯೇ ಚಿಲ್ಲರೆ ವಾಪಸ್ ಕೊಡುವುದು.