ಚಂದ್ರನಿಗೆ ತಾಗಿ ಬಂದ ಸಂದೇಶ

ನಿನ್ನೆ ಸಂಜೆ ಧಾರವಾಡದ ಸಪ್ತಾಪುರದ ನಮ್ಮ ಮಾಳಿಗೆಯ ಮೇಲೆ, ಒಂದೇ ದಿಕ್ಕಿನ ಸಂಕೇತವನ್ನು ಹಿಡಿಯುವ ಯಾಗಿ ಆಂಟೆನಾವನ್ನು ಆಗತಾನೇ ಮೂಡಿದ ಚಂದ್ರನತ್ತ ತಿರುಗಿಸಿ ಕುಳಿತಿದ್ದೆ. ಜಪಾನಿನ ರೇಡಿಯೊ ಹವ್ಯಾಸಿಯೊಬ್ಬರು 144 ಮೆಗಾಹರ್ಟ್ಸ್‌ನಲ್ಲಿ ಕಳುಹಿಸಿದ ಸಂಕೇತವು ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರನ ನೆಲಕ್ಕೆ ತಾಗಿ, ಎರಡೂವರೆ ಸೆಕೆಂಡಿನಲ್ಲಿ ಇಲ್ಲಿಗೆ ತಲುಪುವಷ್ಟರಲ್ಲಿ ಎಷ್ಟು ಕ್ಷೀಣಿಸಿರುತ್ತದೆಂದರೆ, ಹೆಡ್‌ಫೋನಿನಲ್ಲಿ ಬರೀ ಗೊರಗೊರ ಸದ್ದಷ್ಟೇ ಕೇಳುತ್ತದೆ. ನೊಬೆಲ್ ಪುರಸ್ಕೃತ ಖಗೋಳವಿಜ್ಞಾನಿ ಜೋ ಟೇಲರ್ ರೂಪಿಸಿದ ಜೆಟಿ65 ಎಂಬ ಡಿಜಿಟಲ್ ವಿಧಾನವು ಆ ಸದ್ದಿನ ಅಡಿಯಿಂದಲೇ ಪುಟ್ಟ ಸಂದೇಶವನ್ನು ಹೆಕ್ಕಿ ತೆಗೆಯುತ್ತದೆ. ಮಾಹಿತಿಯನ್ನು ಒಂದಕ್ಕೊಂದು ಹೆಣೆದು ಕಳುಹಿಸುವುದರಿಂದ, ನಡುವೆ ಕೆಲವು ಭಾಗ ಕಳೆದುಹೋದರೂ ಉಳಿದದ್ದರಿಂದ ಇಡೀ ಮಾತನ್ನು ಮರಳಿ ಕಟ್ಟಬಹುದು. ನಿಮಿಷದ ಕೊನೆಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದೇ ಸಾಲು, ಅವರ ರೇಡಿಯೊ ಕೇಂದ್ರದ ಗುರುತಾದ ಕರೆಸಂಕೇತ, ಮೂಡಿದಾಗ ಕಣ್ಣು ತುಂಬಿಬಂದವು. ಇದೇ ಮಾಳಿಗೆಯ ಮೇಲೆ ಅವ್ವ ಚಂದಪ್ಪನನ್ನು ತೋರಿಸಿ ನನಗೆ ತುತ್ತು ಉಣಿಸುತ್ತಿದ್ದಳು.